ರಾಬರ್ಟ್ ವಯಟ್‌ನ ‘ರಾಕ್ ಬಾಟಮ್’: ಇದರಲ್ಲಿ ಡ್ರಮ್ಸ್ ಎಲ್ಲಿದೆ?

ತಡರಾತ್ರಿ ಹೆಡ್‌ಫೋನ್:
ಪಿಂಕ್ ಫ್ಲಾಯ್ಡ್, ಕಿಂಗ್ ಕ್ರಿಮ್ಸನ್ ಥರದ ರಾಕ್ ಬ್ಯಾಂಡ್ ಕೇಳಿ ಬೆಳೆದವನು ನಾನು. ರಾಬರ್ಟ್ ವಯಟ್‌ನ ‘ರಾಕ್ ಬಾಟಮ್’ ಆಲ್ಬಮ್ ಕೇಳು ಅಂತ ಗೆಳೆಯ ತಲೆ ತಿನ್ನುತ್ತಿದ್ದ, ಕೇಳಿದೆ. ಹಾಡಿದವನು ಸಾಫ್ಟ್ ಮಷೀನ್ ಬ್ಯಾಂಡಿನ ಡ್ರಮ್ಮರ್ ಆಗಿದ್ದವನು. ಆದರೆ ಡ್ರಮ್ಸ್ ಹುಡುಕಬೇಕು! ಬರೀ ಮಂಜು ಮಂಜಾದ ಕೀಬೋರ್ಡ್, ಅಳುವಂಥ ದನಿ. ಅಪಘಾತದ ನೋವಿನಲ್ಲಿ ಹುಟ್ಟಿದ ಹಾಡುಗಳು ಅಂತ ಎಲ್ಲೋ ಓದಿದೆ. ಹಾಗೇ ಕೇಳಬೇಕಾ ಇದನ್ನ?

ಹಳೇ ಡ್ರಮ್ಮರ್:
ಗುರೂ, ಆ ‘ನೋವಿನ ಆಲ್ಬಮ್’ ಕಥೆಯನ್ನು ಸ್ವಲ್ಪ ಬದಿಗಿಡಿ. ವಯಟ್ ಕಿಟಕಿಯಿಂದ ಬಿದ್ದದ್ದು 1973ರ ಜೂನ್ 1ರಂದು, ಲಂಡನ್ನಿನ ಒಂದು ಪಾರ್ಟಿಯಲ್ಲಿ. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಆದರೆ ಹಾಡುಗಳಲ್ಲಿ ಹೆಚ್ಚಿನವು ಶುರುವಾದದ್ದು ಅದಕ್ಕೂ ಮುಂಚೆ, ವೆನಿಸ್‌ನಲ್ಲಿ. ಗೆಳತಿ ಆಲ್ಫೀ ಬೆಂಜ್ ಅಲ್ಲಿ ಒಂದು ಸಿನಿಮಾ ಕೆಲಸದಲ್ಲಿದ್ದರು. ಇವನು ಸುಮ್ನೆ ಕೂತು ಒಂದು ಪುಟ್ಟ ಕೀಬೋರ್ಡ್ ಒತ್ತುತ್ತಿದ್ದ. ಆ ನಡುಗುವ ಸದ್ದು ಅಲ್ಲಿಂದ ಬಂದದ್ದು.

ಬಿದ್ದಮೇಲೆ ಬದಲಾದದ್ದು ತಾಳ. ನಾನೂ ಡ್ರಮ್ಸ್ ಬಾರಿಸಿದವನು, ಅದಕ್ಕೇ ಹೇಳುತ್ತೇನೆ. ಕಾಲು ಆಡಲ್ಲ ಅಂದರೆ ಕಾಲಲ್ಲಿ ಬಾರಿಸುವ ದೊಡ್ಡ ಕಿಕ್ ಡ್ರಮ್ ಇಲ್ಲ, ಜೋಡಿ ಸಿಂಬಲ್ ಬಡಿಯುವ ಹೈಹ್ಯಾಟ್ ಪೆಡಲ್ ಇಲ್ಲ. ಹಾಡನ್ನು ಕೆಳಗಿನಿಂದ ಹಿಡಿದಿಡುವ ಅರ್ಧ ಕೆಲಸವೇ ಹೋಯಿತು. ಕೈಗೆ ಸಿಕ್ಕಿದ್ದರಲ್ಲಿ ತಾಳ ಹಾಕಿದ. ಕವರಿನ ಮೇಲೆ ವಾದ್ಯಗಳ ಪಟ್ಟಿ ನೋಡಿ, ಒಂದು ತಟ್ಟೆ, ವೈನ್ ಗ್ಲಾಸ್ ಕೂಡ ಇವೆ.

ಇದೇ ಆಲ್ಬಮ್‌ನ ‘ಅಲಿಫಿಬ್’ ಹಾಡು ಹಾಕಿ, ಸೌಂಡ್ ಜಾಸ್ತಿ ಮಾಡಿ. ಹಿಂದೆ ಉಸಿರಿನಲ್ಲೇ ಏನೋ ಪಿಸುಗುಡುತ್ತಾ ಹೋಗುತ್ತಾನಲ್ವಾ? ಅದೇ ತಾಳ. ಡ್ರಮ್ಮರ್ ತನ್ನ ಉಸಿರನ್ನೇ ಬಾರಿಸುತ್ತಿದ್ದಾನೆ. ಅದರ ಮೇಲೆ ಹ್ಯೂ ಹಾಪರ್ ಬೇಸ್ ಗಿಟಾರನ್ನು ಹಾಡುವ ವಾದ್ಯದ ಹಾಗೆ ನುಡಿಸುತ್ತಾನೆ. ಹಾಡಿನ ಸಾಲು ಶುರುವಾಗುವುದು ಎಷ್ಟೋ ಹೊತ್ತಿನ ಮೇಲೆ.

ಎಲ್‌ಪಿ ಪೆಟ್ಟಿಗೆ:
ಒಪ್ಪಿದೆ, ಆದರೆ ಅಪಘಾತವನ್ನು ಪೂರ್ತಿ ಬದಿಗಿಡಬೇಡಿ ಸರ್. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ, ಅಲ್ಲಿನ ಹಳೇ ಪಿಯಾನೋದಲ್ಲೇ ಹಾಡುಗಳನ್ನು ಮುಂದುವರಿಸಿದ. ಅಷ್ಟೆಲ್ಲ ಆದಮೇಲೆ ದನಿ ಮೊದಲಿನ ಹಾಗೇ ಇರುತ್ತದಾ? ಅಂದ ಹಾಗೆ, ಪ್ರೊಡ್ಯೂಸರ್ ನಿಮ್ಮ ಪಿಂಕ್ ಫ್ಲಾಯ್ಡ್‌ನ ನಿಕ್ ಮೇಸನ್. ಅವನೂ ಡ್ರಮ್ಮರೇ! ಆಲ್ಬಮ್ ಬಂದ ದಿನ, 1974ರ ಜುಲೈ 26ರಂದೇ, ವಯಟ್ ಮತ್ತು ಆಲ್ಫೀ ಮದುವೆಯಾದರು. ಕವರಿನ ಚಿತ್ರವೂ ಆಲ್ಫೀಯದೇ.

ತಡರಾತ್ರಿ ಹೆಡ್‌ಫೋನ್:
ಪಿಸುಮಾತು ಈಗ ಕೇಳಿಸಿತು! ಅದನ್ನು ಕೀಬೋರ್ಡಿನದೇ ಏನೋ ಸದ್ದು ಅಂದುಕೊಂಡಿದ್ದೆ. ಆದರೂ ನಿಜವಾದ ಡ್ರಮ್ಸ್ ಬೇಕು ಅನಿಸುತ್ತದೆ ಮಾರಾಯ್ರೇ.

ಹಳೇ ಡ್ರಮ್ಮರ್:
ಹಾಗಿದ್ದರೆ ಆಲ್ಬಮ್‌ನ ಎರಡನೇ ಹಾಡು, ಆರನೇ ಹಾಡು ಕೇಳಿ. ಲಾರಿ ಆಲನ್ ಬಾರಿಸಿದ್ದಾನೆ. ಆರನೇದರಲ್ಲಿ ಮೈಕ್ ಓಲ್ಡ್‌ಫೀಲ್ಡ್ ಗಿಟಾರ್ ಏರುತ್ತಾ ಏರುತ್ತಾ ಹೋಗುತ್ತದೆ, ನಿಮ್ಮ ಪ್ರೋಗ್ರೆಸಿವ್ ರಾಕ್ ಹಸಿವು ತೀರುತ್ತದೆ. ಆಮೇಲೆ ಎಲ್ಲ ನಿಂತು, ಫ್ರೆಡ್ ಫ್ರಿತ್‌ನ ವಯೋಲಾ (ಪಿಟೀಲಿನಂಥದೇ, ಸ್ವಲ್ಪ ದೊಡ್ಡದು) ಜೊತೆ ಕವಿ ಐವರ್ ಕಟ್ಲರ್ ಸ್ಕಾಟಿಷ್ ಧಾಟಿಯಲ್ಲಿ ಟೀವಿ ಒಡೆದುಹಾಕುವ ಮಾತಾಡುತ್ತಾನೆ. ಯಾಕೆ ಅಂತ ಮಾತ್ರ ನನ್ನ ಕೇಳಬೇಡಿ.