ಕೊರಿಯರ್ ಲೇಟಾದ್ರೆ ಸೆಲ್ಲರ್‌ಗೆ ಯಾಕೆ 1 ಸ್ಟಾರ್?

ಪ್ರಶ್ನೆ: ಆನ್‌ಲೈನಲ್ಲಿ ಚನ್ನಪಟ್ಟಣದ ಗೊಂಬೆ ಮಾರ್ತೀನಿ, ಟೈಮಿಗೆ ಸರಿಯಾಗಿ ಪ್ಯಾಕ್ ಮಾಡಿ ಕಳಿಸಿದ್ರೂ ಕೊರಿಯರ್‌ನವ್ರು ಲೇಟ್ ಮಾಡಿದ್ರು ಅಂತ ನಂಗೆ 1 ಸ್ಟಾರ್ ಬಿದ್ದಿದೆ, ಅಕೌಂಟಿಗೆ ತೊಂದ್ರೆ ಆಗುತ್ತಾ?

ಉತ್ತರ 1: ಯಾವ ಸೈಟು ಅನ್ನೋದ್ರ ಮೇಲಿದೆ ಸರ್. ಅಮೆಜಾನ್‌ನಲ್ಲಾದ್ರೆ 1, 2 ಸ್ಟಾರ್ ಎರಡೂ ನೆಗೆಟಿವ್ ಲೆಕ್ಕಾನೇ, ಅದೂ ಎ-ಟು-ಝಡ್ ಕ್ಲೈಮು (ಕೊಂಡೋರು ದುಡ್ಡು ವಾಪಸ್ ಬೇಕು ಅಂತ ಅಮೆಜಾನ್‌ಗೇ ಕೊಡೋ ದೂರು), ಚಾರ್ಜ್‌ಬ್ಯಾಕು (ಬ್ಯಾಂಕ್ ಮೂಲಕ ದುಡ್ಡು ವಾಪಸ್ ತಗೊಳ್ಳೋದು) ಎಲ್ಲಾ ಸೇರಿ ಆರ್ಡರ್ ಡಿಫೆಕ್ಟ್ ರೇಟ್, ಅಂದ್ರೆ ತೊಂದ್ರೆ ಬಂದ ಆರ್ಡರ್‌ಗಳ ಪಾಲು, 1%ಗಿಂತ ಕಮ್ಮಿ ಇರ್ಬೇಕು. ಅವ್ರದೇ ಗೋಡೌನಿಂದ ಹೋದ ಮಾಲಾದ್ರೆ ಡೆಲಿವರಿ ಬಗ್ಗೆ ಬಂದ ನೆಗೆಟಿವ್‌ಗೆ ಗೆರೆ ಹೊಡೆದು ನಿಮ್ಮ ಲೆಕ್ಕದಿಂದ ತೆಗೀತಾರೆ.

ಉತ್ತರ 2: ಇದಕ್ಕೇ ನಂಗೆ ಇಬೇ ಅನ್ನೋ ಮಾರಾಟದ ಸೈಟು 2007ರಲ್ಲಿ ತಂದ ಪದ್ಧತಿ ಇಷ್ಟ, ವಸ್ತು ಹೇಳಿದ ಹಾಗೇ ಇತ್ತಾ, ಮಾತುಕತೆ ಹೇಗಿತ್ತು, ಕಳಿಸಿದ ಸ್ಪೀಡು, ಸಾಗಾಟದ ಚಾರ್ಜು, ನಾಲ್ಕಕ್ಕೂ ಬೇರೆ ಬೇರೆ ಸ್ಟಾರ್.

ಉತ್ತರ 3: ಇಬೇನಲ್ಲಿ 2008ರಿಂದ ಸೆಲ್ಲರ್ ವಾಪಸ್ ಬಯರ್‌ಗೆ ನೆಗೆಟಿವ್ ಕೊಡೋ ಹಂಗಿಲ್ಲ. ಕೊಂಡೋರು ಭಯ ಇಲ್ದೆ ಬರೀಬೇಕಲ್ವಾ, ಅದು ಸರಿನೇ.