ರಕ್ತ ಕೊಟ್ಟರೆ ಮೈಯಲ್ಲಿರೋ ಕೆಮಿಕಲ್ ಇಳಿಯುತ್ತಾ?

ಬ್ಯಾಡಗಿ ಕಡೆಯ ಅಕ್ಕ ಒಬ್ಬರು ಕೇಳಿದ್ದಾರೆ: ಮನೆಯವರು ಮೆಣಸಿನ ಗಿಡಕ್ಕೆ ವರ್ಷಗಟ್ಟಲೆ ಔಷಧಿ ಹೊಡೆದಿದ್ದಾರೆ, ಆಗಾಗ ರಕ್ತ ಕೊಟ್ಟರೆ ಆ ವಿಷ ಹೋಗುತ್ತಂತೆ, ಯಾರಿಗಾದರೂ ಗೊತ್ತಾ ಅಂತ.

ಅಕ್ಕಾ, ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದು ಬೇರೆ ಕೆಮಿಕಲ್ ವಿಷಯ. ಬೆಂಕಿ ಆರಿಸುವ ನೊರೆಯಲ್ಲಿ ಪಿಎಫ್‌ಎಎಸ್ ಅನ್ನೋ ಕೆಮಿಕಲ್‌ಗಳ ಗುಂಪು ಇರುತ್ತಿತ್ತು. ಅದು ರಕ್ತದ ಪ್ರೋಟೀನಿಗೆ ಅಂಟಿಕೊಂಡು ವರ್ಷಗಟ್ಟಲೆ ಹೋಗೋದೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಅಗ್ನಿಶಾಮಕ ದಳದ 285 ಜನರ ಮೇಲೆ ಒಂದು ವರ್ಷ ಪರೀಕ್ಷೆ ಮಾಡಿ 2022ರಲ್ಲಿ ಫಲಿತಾಂಶ ಹೇಳಿದರು. ಆರು ವಾರಕ್ಕೊಮ್ಮೆ ಪ್ಲಾಸ್ಮಾ (ರಕ್ತದ ನೀರಿನಂಥ ಭಾಗ) ಕೊಟ್ಟವರಲ್ಲಿ ಆ ಗುಂಪಿನ ಪಿಎಫ್‌ಒಎಸ್ ಸುಮಾರು ಶೇ. 30ರಷ್ಟು ಇಳಿಯಿತು, ಹನ್ನೆರಡು ವಾರಕ್ಕೊಮ್ಮೆ ರಕ್ತ ಕೊಟ್ಟವರಲ್ಲಿ ಶೇ. 10ರಷ್ಟು. ಅದರಿಂದ ಆರೋಗ್ಯ ಸುಧಾರಿಸಿತಾ ಅನ್ನೋದನ್ನು ಅವರು ನೋಡಲಿಲ್ಲ.

ಮೊನೋಕ್ರೋಟೋಫಾಸ್, ಪ್ರೊಫೆನೋಫಾಸ್ ತರಹದ, ಹುಳಕ್ಕೆ ಹೊಡೆಯೋ ಔಷಧಿ ಹಾಗಲ್ಲ. ಮೈಯೊಳಗೆ ಒಡೆದು ಹೆಚ್ಚಿನದು ಕೆಲವೇ ದಿನದಲ್ಲಿ ಮೂತ್ರದಲ್ಲಿ ಹೋಗುತ್ತದೆ. ತೊಂದರೆ ಇರೋದು ಅದು ಮತ್ತೆ ಮತ್ತೆ ಒಳಗೆ ಹೋಗೋದರಲ್ಲಿ. ಇವತ್ತು 350 ಎಂಎಲ್ ರಕ್ತ ಕೊಟ್ಟು ನಾಳೆ ಮತ್ತೆ ಪಂಪು ಹೊತ್ತರೆ ಏನು ಬಂತು?

ನಾನು ಹುಬ್ಬಳ್ಳಿಯಲ್ಲಿ ಕಾಲೇಜಿನಿಂದಲೂ ರಕ್ತ ಕೊಡುತ್ತಿದ್ದೇನೆ. ಅಲ್ಲಿ ಹಿಮೋಗ್ಲೋಬಿನ್ ನೋಡುತ್ತಾರೆ, ಆಮೇಲೆ ಎಚ್‌ಐವಿ, ಕಾಮಾಲೆ ವೈರಸ್, ಸಿಫಿಲಿಸ್, ಮಲೇರಿಯಾ ಪರೀಕ್ಷೆ. ಔಷಧಿ ಅಂಶ ಯಾರೂ ನೋಡಲ್ಲ, ಆ ಚೀಲ ನೇರ ಯಾವುದೋ ಬಾಣಂತಿಗೋ ಆ್ಯಕ್ಸಿಡೆಂಟ್ ಆದವರಿಗೋ ಹೋಗುತ್ತದೆ. ಹಾಗಾಗಿ ಸಿಂಪಡಣೆ ನಡೆದಿರೋ ದಿನಗಳಲ್ಲಿ ಕೊಡೋದು ಬೇಡ. ಬಿಡುವಿದ್ದಾಗ, ರೋಗಿಗಾಗಿ ಖಂಡಿತ ಕೊಡಲಿ, ಗಂಡಸರು ಮೂರು ತಿಂಗಳಿಗೊಮ್ಮೆ ಕೊಡಬಹುದು.

ಗದಗ ಹತ್ತಿರ ನಮ್ಮಣ್ಣನದು ಹತ್ತಿ ಹೊಲ. ಅವನ ಪಂಪಿನ ಮುಚ್ಚಳದ ವಾಷರ್ ಸವೆದು, ಬಗ್ಗಿದಾಗೆಲ್ಲ ಔಷಧಿ ಸೋರಿ ಬೆನ್ನ ಮೇಲೆ ಅಂಗಿ ಅಂಟಿಕೊಳ್ಳುತ್ತಿತ್ತು, ಸಂಜೆಗೆ ತಲೆನೋವು, ವಾಕರಿಕೆ. ವಾಷರ್ ಬದಲಿಸಿದ, ಕೈಗೆ ರಬ್ಬರ್ ಗ್ಲೌಸ್ ಹಾಕಿದ, ಬರಿಗೈಯಲ್ಲಿ ಕಲಸೋದು ಬಿಟ್ಟ, ಗಾಳಿಗೆ ಬೆನ್ನು ಮಾಡಿ ಹೊಡೆಯೋದು, ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ. ಈಗ ಆ ತಲೆನೋವಿಲ್ಲ. ಮತ್ತೆ ಆ ಬಟ್ಟೆ ಒಗೆಯೋರು ನೀವೇ ಅಲ್ವಾ? ಮಕ್ಕಳ ಬಟ್ಟೆ ಜೊತೆ ನೆನೆಹಾಕಬೇಡಿ, ನಿಮ್ಮ ಕೈಗೂ ಗ್ಲೌಸ್ ಇರಲಿ.

ನಿಮ್ಮ ಮನೆಯವರಿಗೆ ಈಗಲೂ ಸುಸ್ತು, ಕಣ್ಣು ಮಂಜು, ಬೆವರು ಜಾಸ್ತಿ ಇದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ, ಇಂಥ ಔಷಧಿ ಮೈಗೆ ತಾಗಿದೆಯಾ ಅಂತ ನೋಡೋಕೆ ಕೋಲಿನೆಸ್ಟರೇಸ್ ಅಂತ ರಕ್ತ ಪರೀಕ್ಷೆ ಇದೆ, ಅದನ್ನು ಕೇಳಿ. ಹೋಗುವಾಗ ಔಷಧಿ ಡಬ್ಬಿಯ ಲೇಬಲ್ ಫೋಟೋ ತೆಗೆದುಕೊಂಡು ಹೋಗಿ.