ಪದಚರ್ಚೆ: ‘ಭಾರಿ ಮಳೆ’ ಎಂದರೆ ಎಷ್ಟು ಮಳೆ?

ಪ್ರಶ್ನೆ: ಕಾರ್ಖಾನೆಯ ಸೂಚನಾ ಫಲಕಕ್ಕೆ ಹವಾಮಾನದ ಎಚ್ಚರಿಕೆಗಳನ್ನು ಕನ್ನಡದಲ್ಲಿ ಬರೆಯಬೇಕಾಗಿದೆ. ‘ಭಾರಿ’, ‘ಅತಿ ಭಾರಿ’ ಎಂಬುವಕ್ಕೆ ನಿಶ್ಚಿತ ಅರ್ಥವಿದೆಯೇ, ಅಥವಾ ‘ಜೋರು ಮಳೆ’ ಎಂದರೂ ನಡೆದೀತೇ? ಮುನ್ಸೂಚನೆ, ಮುನ್ನೆಚ್ಚರಿಕೆ ಎರಡೂ ಒಂದೆಯೇ?

ಉತ್ತರ: ದಯವಿಟ್ಟು ‘ಜೋರು’ ಬೇಡ. ಆಡುಮಾತಿನಲ್ಲಿ ‘ಭಾರಿ’ ಎನ್ನುವುದು ಅವರವರ ಅಂದಾಜು. ಭಾರತೀಯ ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ಅದಕ್ಕೆ ಅಳತೆ ಇದೆ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರಿ, 115.6ರಿಂದ 204.4ರವರೆಗೆ ಅತಿ ಭಾರಿ, ಅದಕ್ಕೂ ಮೇಲಾದರೆ ಅತ್ಯಂತ ಭಾರಿ. ಆ 24 ಗಂಟೆಯ ಲೆಕ್ಕ ಬೆಳಿಗ್ಗೆ 8.30ಕ್ಕೆ ಶುರುವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ. ಹಾಗಾಗಿ ಫಲಕದಲ್ಲಿ ‘ಇಂದು’, ‘ನಾಳೆ’ ಎನ್ನದೆ ತಾರೀಖು, ಹೊತ್ತು ಎರಡನ್ನೂ ಬರೆಯಿರಿ. ರಾತ್ರಿ ಪಾಳಿಯವರು ಎಡವುವುದು ಅಲ್ಲೇ.

ಒಂದು ಮಿ.ಮೀ. ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. 1,000 ಚದರ ಮೀಟರ್ ಚಾವಣಿಯ ಮೇಲೆ 64.5 ಮಿ.ಮೀ. ಬಿದ್ದರೆ 64,500 ಲೀಟರ್. ಇದು ದಿನವಿಡೀ ಸುರಿದರೆ ಸಾಮಾನ್ಯ ಚರಂಡಿ ತಾಳಿಕೊಂಡೀತು. ಒಂದೇ ಗಂಟೆಯಲ್ಲಿ ಬಂದರೆ ಸೆಕೆಂಡಿಗೆ ಸುಮಾರು 18 ಲೀಟರ್. ದೋಣಿ ಪೈಪಿನ ಬಾಯಲ್ಲಿ ಎಲೆ, ಕಸ ಕಟ್ಟಿದ್ದರೆ ನೀರು ಒಳಗೇ ನುಗ್ಗುತ್ತದೆ. ‘ಭಾರಿ’ ಹೇಳುವುದು ದಿನದ ಮೊತ್ತವನ್ನು, ರಭಸವನ್ನಲ್ಲ. ರಭಸ ತಿಳಿಯಬೇಕಾದರೆ ರೇಡಾರ್ ಆಧರಿಸಿದ ಮೂರು ಗಂಟೆಯ ಮುನ್ಸೂಚನೆಯನ್ನು ನೋಡಬೇಕು. ನೆಲಮಾಳಿಗೆಯಲ್ಲಿ ವಿದ್ಯುತ್ ಪ್ಯಾನೆಲ್ ಇರುವ ಕಡೆ ಇದನ್ನು ಬಿಡಲೇಬಾರದು. ಪತ್ರಿಕೆಗಳು ಧಾರಾಳವಾಗಿ ಬಳಸುವ ‘ಮೇಘಸ್ಫೋಟ’ವನ್ನು, ಸಣ್ಣ ಪ್ರದೇಶದಲ್ಲಿ ಗಂಟೆಗೆ 100 ಮಿ.ಮೀ. ಸುರಿದಾಗಲಷ್ಟೇ ಬಳಸುವುದು ಸರಿ.

ಇಲಾಖೆಯ ಪ್ರಕಟಣೆಯಲ್ಲಿ ಬರುವ ‘ಒಂದೆರಡು ಕಡೆ’ ಎನ್ನುವುದೂ ಬರಿಯ ಮಾತಲ್ಲ. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಶೇ. 25ರಷ್ಟರಲ್ಲಿ ಮಳೆ ಎಂದರ್ಥ. ಅದನ್ನು ಕೈಬಿಟ್ಟರೆ ಇಡೀ ಜಿಲ್ಲೆಗೆ ಭಾರಿ ಮಳೆ ಎಂದಾಗುತ್ತದೆ. ನಾಲ್ಕು ಸಲ ಹಾಗಾಗಿ ಮಳೆ ಬಾರದಿದ್ದರೆ ಐದನೆಯ ಸಲ ಫಲಕವನ್ನು ಯಾರೂ ನಂಬುವುದಿಲ್ಲ.

ಇಲಾಖೆಯ ಎಚ್ಚರಿಕೆಯ ಬಣ್ಣಗಳೂ ಮಳೆಯ ಅಳತೆಯಲ್ಲ. ಹಳದಿ ಎಂದರೆ ಗಮನಿಸುತ್ತಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಗುಡುಗು, ಗಾಳಿ, ಬಿಸಿಗಾಳಿಗೂ ಇವೇ ಬಣ್ಣ. ಬರೀ ‘ಹಳದಿ ಅಲರ್ಟ್’ ಎಂದು ಬರೆದರೆ ಕ್ರೇನ್ ನಿಲ್ಲಿಸಬೇಕೋ ಪಂಪ್ ಸಿದ್ಧ ಮಾಡಬೇಕೋ ತಿಳಿಯದು. ಬಣ್ಣವೇ ಇಲ್ಲದ ದಿನವೂ ನಿರಾಳವಲ್ಲ: ಕಣದಲ್ಲಿ ಹರಡಿದ ಕಾಫಿ ಬೀಜ ನೆನೆದು ಬೂಷ್ಟು ಹಿಡಿಯಲು ‘ಹಗುರ ಮಳೆ’ಯೇ ಸಾಕು.

ಇನ್ನು ಮುನ್ಸೂಚನೆ ಎಂದರೆ ಏನಾಗಬಹುದು ಎಂಬ ಅಂದಾಜು. ಅದರಿಂದ ಹಾನಿಯಾದೀತು ಎಂದು ಇಲಾಖೆ ಹೇಳಿದರೆ ಎಚ್ಚರಿಕೆ. ಮುನ್ನೆಚ್ಚರಿಕೆ ನಾವು ವಹಿಸುವುದು. ‘ಇಲಾಖೆ ಮುನ್ನೆಚ್ಚರಿಕೆ ನೀಡಿದೆ’ ಎಂಬ ರೂಢಿ ಬಿಡುವುದೇ ಲೇಸು. ಫಲಕದಲ್ಲಿ ಹೀಗೆ ಬರೆಯಬಹುದು:

‘ಜುಲೈ 14ರ ಬೆಳಿಗ್ಗೆ 8.30ರಿಂದ 15ರ ಬೆಳಿಗ್ಗೆ 8.30ರವರೆಗೆ ಜಿಲ್ಲೆಯ ಒಂದೆರಡು ಕಡೆ ಅತಿ ಭಾರಿ ಮಳೆ (115.6–204.4 ಮಿ.ಮೀ.). ಕಿತ್ತಳೆ ಎಚ್ಚರಿಕೆ. ಮುನ್ನೆಚ್ಚರಿಕೆ: ಚಾವಣಿಯ ದೋಣಿ ಸ್ವಚ್ಛಗೊಳಿಸಿ, ಪಂಪಿಗೆ ಡೀಸೆಲ್ ತುಂಬಿಸಿ, ನೆಲದ ಮೇಲಿನ ಮೂಟೆಗಳನ್ನು ಅಟ್ಟಣಿಗೆಗೆ ಏರಿಸಿ.’